ಅಳೆಯೋಕೆ ಹೋಗಿದ್ದಕ್ಕೇ ಕೆಟ್ಟೋಯ್ತು ಅಂತಾರೆ



ಇವತ್ತಿನ ಪೋಸ್ಟು ಧರಣಿ, ಮನವಿಪತ್ರದ ವಿಷಯ ಅಲ್ಲ. ಕಂಪ್ಯೂಟರ್ ವಿಷಯ. ಅದೂ ಕರ್ನಲ್ ಅಂತಾರಲ್ಲ, ಆ ತೀರಾ ಒಳಗಿನ ಭಾಗದ್ದು. ಗುಬ್ಬಿಯ ನಮ್ಮ ಅಧ್ಯಯನ ಕೇಂದ್ರದ ಸರ್ವರ್ ಯಾಕೆ ಬೀಳ್ತಿತ್ತು, ಹೆಂಗೆ ಸರಿ ಮಾಡಿದ್ರಿ ಅಂತ ಸುಮಾರು ಜನ ಇನ್‌ಬಾಕ್ಸಲ್ಲಿ ಕೇಳಿದ್ರಿ. ಒಬ್ಬೊಬ್ಬರಿಗೇ ಹೇಳೋ ಬದಲು ಇಲ್ಲೇ ಬರೀತಿದೀನಿ. ಸ್ವಲ್ಪ ಉದ್ದ ಇದೆ. ಕಂಪ್ಯೂಟರ್ ನಮಗ್ಯಾಕೆ ಅನ್ನೋರೂ ದಯವಿಟ್ಟು ಕೊನೆವರೆಗೂ ಓದಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಹೊಟ್ಟೆಪಾಡಿಗೆ ನಾನು ಮಾಡೋದು ಸರ್ವರ್ ನೋಡ್ಕೊಳ್ಳೋ ಕೆಲಸ, ತುಮಕೂರಿನ ಮನೆಯಿಂದಲೇ. ಭಾನುವಾರ ಬಂತು ಅಂದ್ರೆ ಬಿ.ಎಚ್. ರಸ್ತೆ ಹಿಡಿದು ಗುಬ್ಬಿಗೆ. ಅಲ್ಲಿ ಬಾಡಿಗೆ ಹಾಲ್‌ನಲ್ಲಿ ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದೋ ನಮ್ಮ ಮಕ್ಕಳಿಗೆ ವಾರಕ್ಕೊಂದು ಮಾದರಿ ಪರೀಕ್ಷೆ ನಡೆಯುತ್ತೆ. ಗುಬ್ಬಿಯ ಸುತ್ತಮುತ್ತಲಿನವರು, ತುಮಕೂರಿನ ಹಾಸ್ಟೆಲ್‌ಗಳಲ್ಲಿರೋ ಕುಣಿಗಲ್ ಕಡೆಯವರು ಎಲ್ಲಾ ಬರ್ತಾರೆ. ಅವರವರ ಮೊಬೈಲಲ್ಲೇ ವೈಫೈ ಮೂಲಕ ಪರೀಕ್ಷೆ ಬರೀತಾರೆ. ಹಿಂದೆ ಒಂದು ಹಳೇ ಸರ್ವರ್ ಕೂತಿರುತ್ತೆ. ಯಾವುದೋ ಕಚೇರಿಯಲ್ಲಿ ಗುಜರಿಗೆ ಹಾಕೋಕೆ ಇಟ್ಟಿದ್ದನ್ನ ಒಬ್ಬರು ಕೇಳಿ ತಂದುಕೊಟ್ಟಿದ್ದು. ಮೆಮೊರಿ 4 ಜಿಬಿ. ಅದರೊಳಗಿದ್ದ ಲಿನಕ್ಸ್ ಕರ್ನಲ್ 3.2, ಅಂದ್ರೆ 2012ರ ಜನವರಿಯದು.

ನಲವತ್ತು ಜನ ಒಟ್ಟಿಗೆ ಲಾಗಿನ್ ಆದ್ರೆ ಸಾಕು, ಅದು ಉಸಿರು ಬಿಡ್ತಿತ್ತು. ಒಂದು ಪ್ರಶ್ನೆಯಿಂದ ಇನ್ನೊಂದು ಪ್ರಶ್ನೆಗೆ ಹೋಗೋಕೆ ಅರ್ಧ ನಿಮಿಷ. ಗಡಿಯಾರ ಮಾತ್ರ ತನ್ನ ಪಾಡಿಗೆ ಓಡ್ತಿತ್ತು. ಉತ್ತರ ಗೊತ್ತಿದ್ರೂ ಒತ್ತೋಕಾಗದೆ ಎಷ್ಟೋ ಮಕ್ಕಳು ನಂಬರ್ ಕಳಕೊಂಡ್ರು. ನನಗೆ ಸಂಕಟ ಆಗಿದ್ದು ನಂಬರ್ ಹೋಗಿದ್ದಕ್ಕಲ್ಲ. ಯಾರೂ ದೂರೇ ಹೇಳ್ತಿರಲಿಲ್ಲ. ಕೇಳಿದ್ರೆ ಒಬ್ಬ ಹುಡುಗ, "ಇರಲಿ ಬಿಡಕ್ಕ, ಹಾಸ್ಟೆಲ್ ಸೋಲಾರಲ್ಲಿ ಬಿಸಿನೀರು ಬಂದಂಗೆ ಇದೂನೂ. ನಮ್ದೆಲ್ಲ ಹಿಂಗೇ ಅಲ್ವಾ" ಅಂದ. ಇಪ್ಪತ್ತು ವರ್ಷದ ಹುಡುಗ ಕೆಟ್ಟ ಸರ್ವರನ್ನ ತನ್ನ ಹಣೆಬರಹ ಅಂತ ಒಪ್ಪಿಕೊಂಡುಬಿಟ್ಟಿದ್ದ. ಅವತ್ತೇ ತೀರ್ಮಾನ ಮಾಡಿದೆ, ಇದರ ಬುಡ ನೋಡಲೇಬೇಕು ಅಂತ.

ಯಂತ್ರ ಯಾಕೆ ನಿಧಾನ ಅಂತ ಊಹೆ ಮಾಡಿದ್ರೆ ಆಗಲ್ಲ, ಅಳೀಬೇಕು. ಅದಕ್ಕೆ ಪ್ರೊಫೈಲಿಂಗ್ ಅಂತಾರೆ. ಲಿನಕ್ಸ್‌ನಲ್ಲಿ ಅದಕ್ಕೆ ಪರ್ಫ್ ಅನ್ನೋ ಸಾಧನ ಇದೆ, 2009ರಲ್ಲಿ ಕರ್ನಲ್‌ನ 2.6.31 ಆವೃತ್ತಿ ಜೊತೆ ಬಂದಿದ್ದು. ಅದು ಎರಡು ರೀತಿ ಕೆಲಸ ಮಾಡುತ್ತೆ. ಒಂದು, ಸೆಕೆಂಡಿಗೆ ನೂರಾರು ಸಲ ಪ್ರೊಸೆಸರ್‌ನ ತಡೆದು "ಈಗ ಏನ್ ಮಾಡ್ತಿದೀಯ" ಅಂತ ಕೇಳಿ ಬರ್ಕೊಳ್ಳೋದು. ಇನ್ನೊಂದು, ಕರ್ನಲ್ ಒಳಗಿನ ಒಂದು ಜಾಗದಲ್ಲಿ ಕ್ಯಾತ್ಸಂದ್ರದ ಟೋಲ್ ಥರ ನಿಂತು, ಹಾದುಹೋಗೋ ಪ್ರತಿಯೊಂದನ್ನೂ ಎಲ್ಲಿಂದ ಬಂತು ಅನ್ನೋ ದಾರಿ ಸಮೇತ ದಾಖಲು ಮಾಡೋದು. ಇದಕ್ಕೆ ಟ್ರೇಸ್‌ಪಾಯಿಂಟ್ ಅಂತಾರೆ. ಡಿಸ್ಕಿನ ದೀಪ ಸದಾ ಉರೀತಾನೇ ಇತ್ತು. ಹಾಗಾಗಿ ಡಿಸ್ಕಿಗೆ ಹೋಗೋ ಬಾಗಿಲಲ್ಲೇ ಟೋಲ್ ಹಾಕಿದೆ.

ಮಕ್ಕಳ ಬದಲು ನಲವತ್ತು ಜನರ ಹಾಗೆ ಒತ್ತೋ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಶನಿವಾರ ರಾತ್ರಿ ಓಡಿಸಿದೆ. ಹತ್ತು ನಿಮಿಷ. ಕರ್ನಲ್ ಪ್ಯಾನಿಕ್. ಇಡೀ ಯಂತ್ರ ಸ್ತಬ್ಧ. ಪರದೆ ತುಂಬಾ ಸಂಖ್ಯೆ, ಕೀಲಿಮಣೆ ಸತ್ತುಹೋಗಿದೆ.

ಇಂಥದ್ರಲ್ಲಿ ಅನುಭವ ಇರೋ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. ಒಳ್ಳೇ ಮನುಷ್ಯ. ಅವರಂದ್ರು, "ಅಳೆಯೋಕೆ ಹೋಗಿದ್ದಕ್ಕೇ ಮೇಡಂ ಬಿದ್ದಿದ್ದು. ಪರ್ಫ್ ಆಫ್ ಮಾಡಿ, ಬೀಳಲ್ಲ. ಕರ್ನಲ್ಲೆಲ್ಲಾ ನೀವು ಕೈ ಹಾಕೋ ಜಾಗ ಅಲ್ಲ, ಅದು ಬೇರೆ ಲೆವೆಲ್ಲು."

ಅವರು ಜಾತಿ ನೋಡಿ ಹೇಳಿದ್ರು ಅಂತ ನಾನು ಹೇಳ್ತಿಲ್ಲ. ಆದ್ರೆ ಈ ಮಾತಿನ ರಾಗ ನಮ್ಮ ಕಿವಿಗೆ ಹೊಸದೇನಲ್ಲ. ಹೊರಗಿನ ಪ್ರಾಂಗಣದವರೆಗೂ ಬನ್ನಿ, ಗರ್ಭಗುಡಿ ನಿಮ್ಮದಲ್ಲ. ವೆಬ್‌ಸೈಟ್ ಮಾಡಿ, ಡೇಟಾ ಎಂಟ್ರಿ ಮಾಡಿ, ಸಾಕು. ಲಿನಕ್ಸ್ ಕರ್ನಲ್ ವಿಷಯದಲ್ಲಿ ಮಾತ್ರ ಈ ರಾಗ ನಡೆಯಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಈ ಕರ್ನಲ್‌ನ ಒಂದೊಂದು ಸಾಲೂ ಯಾರು ಬೇಕಾದ್ರೂ ಓದೋ ಹಾಗೆ ತೆರೆದಿದೆ. ಓದಬಹುದು, ತಿದ್ದಬಹುದು, ಹಂಚಬಹುದು. ಪರವಾನಗಿಯಲ್ಲೇ ಬರೆದಿದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆ ಕಡೆಯ ಸುದರ್ಶನ್ ಲೇಔಟ್ ಸ್ಲಂನಲ್ಲಿ ಸ್ವತಂತ್ರ ತಂತ್ರಾಂಶದ ಗೆಳೆಯರು ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಕಟ್ಟಿದಾಗ ಹಳೇ ಕಂಪ್ಯೂಟರ್‌ಗಳಿಗೆ ಇದನ್ನೇ ಹಾಕಿದ್ದು. ನಾವೂ ಇದನ್ನೇ ಹಾಕಿದ್ದೀವಿ. ಹಾಗಿದ್ಮೇಲೆ ಒಳಗೆ ಹೋಗಿ ನೋಡೋಕೆ ಯಾರ ಅಪ್ಪಣೆ ಬೇಕು?

ಯಂತ್ರ ಬಿದ್ದ ತಕ್ಷಣ ಎಲ್ಲರ ಕೈಯೂ ರೀಬೂಟ್ ಬಟನ್ ಕಡೆಗೇ ಹೋಗುತ್ತೆ. ದೌರ್ಜನ್ಯ ಪ್ರಕರಣಗಳಲ್ಲಿ ಓಡಾಡಿದವರಿಗೆ ಗೊತ್ತು, ಸ್ಥಳ ಮಹಜರು ಆಗೋಕೆ ಮುಂಚೆ ಜಾಗ ತೊಳೆದ್ರೆ ಕೇಸು ಅಲ್ಲೇ ಮುಗೀತು. ರೀಬೂಟ್ ಅಂದ್ರೆ ಜಾಗ ತೊಳೆಯೋದು. ಮೊಬೈಲಲ್ಲಿ ಪರದೆಯ ಫೋಟೋ ಹೊಡ್ಕೊಂಡೆ, ಆದ್ರೆ ಪರದೆಯಲ್ಲಿ ಉಳಿದಿದ್ದು ಕೊನೆಯ ಇಪ್ಪತ್ತೈದು ಸಾಲು. ಮುಖ್ಯವಾದ ಮೊದಲ ಸಾಲುಗಳು ಮೇಲೆ ಉರುಳಿ ಹೋಗಿದ್ವು.

ಅದಕ್ಕೇ ಕೆಡಂಪ್ ಅನ್ನೋ ವ್ಯವಸ್ಥೆ ಇರೋದು. ಬಿದ್ದ ಕರ್ನಲ್‌ನ ಮಾತು ನಂಬೋ ಹಾಗಿಲ್ಲ, ಯಾಕಂದ್ರೆ ಅದರ ತಲೆಯೇ ಕೆಟ್ಟಿರುತ್ತೆ. ಆರೋಪಿ ಕೈಲೇ ಮಹಜರು ಬರೆಸೋಕಾಗುತ್ತಾ? ಹಾಗಾಗಿ ಮೊದಲೇ ಸ್ವಲ್ಪ ಮೆಮೊರಿ ಪ್ರತ್ಯೇಕವಾಗಿ ಎತ್ತಿಟ್ಟು, ಅದರಲ್ಲಿ ಇನ್ನೊಂದು ಪುಟ್ಟ ಕರ್ನಲ್‌ನ ಕೂರಿಸಿರ್ತಾರೆ. ದೊಡ್ಡದು ಬಿದ್ದ ಕೂಡಲೇ ಪುಟ್ಟದು ಎದ್ದು, ಸತ್ತದ್ದರ ಇಡೀ ಮೆಮೊರಿಯನ್ನ ಇದ್ದ ಹಾಗೇ ಡಿಸ್ಕಿಗೆ ಬರೆದಿಡುತ್ತೆ. 2005ರಲ್ಲಿ ಇದು ಕರ್ನಲ್ ಸೇರಿತು. ಹೆಮ್ಮೆಯ ವಿಷಯ ಅಂದ್ರೆ ಇದನ್ನ ಕಟ್ಟಿದವರಲ್ಲಿ ಮುಖ್ಯರು ಐಬಿಎಂನ ಬೆಂಗಳೂರಿನ ಲಿನಕ್ಸ್ ತಂಡದವರು. ಆ ವರ್ಷ ಒಟ್ಟಾವಾದ ಲಿನಕ್ಸ್ ಸಮಾವೇಶದಲ್ಲಿ ಮಂಡನೆಯಾದ ಪ್ರಬಂಧದಲ್ಲಿ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ ಅವರ ಹೆಸರಿದೆ. ಕರ್ನಲ್ ಒಳಗೆ ಎಲ್ಲಿ ಬೇಕಾದ್ರೂ ತಪಾಸಣೆ ಇಡೋ ಕೆಪ್ರೋಬ್ಸ್‌ಗೂ ಅದೇ ತಂಡದವರು ದುಡಿದಿದ್ದಾರೆ. ಅಮೆರಿಕದಿಂದ ಬಂದ ಮಂತ್ರವಿದ್ಯೆ ಅಂತ ಅಂದ್ಕೊಂಡಿದ್ದು ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಕೂತವರು ಬರೆದಿದ್ದು. ಮಕ್ಕಳಿಗೆ ಇದನ್ನ ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಮುಂದಿನ ಶನಿವಾರ ಕೆಡಂಪ್ ಹಾಕಿ, ಬೇಕಂತಲೇ ಒಮ್ಮೆ ಬೀಳಿಸಿ, ಅದು ದಾಖಲಿಸುತ್ತೆ ಅಂತ ಖಾತ್ರಿ ಮಾಡ್ಕೊಂಡೆ. ಅವತ್ತು ಜೊತೆಗೆ ಕುಣಿಗಲ್ ಕಡೆಯ ಒಬ್ಬ ಬಿಸಿಎ ಹುಡುಗಿ ಕೂತಿದ್ಲು. ಇಬ್ಬರೂ ಸೇರಿ ಒಂದೊಂದೇ ಸಾಧ್ಯತೆ ಕಳೀತಾ ಬಂದ್ವಿ.

ಹೊರೆ ಇಲ್ಲದೆ ಟ್ರೇಸ್‌ಪಾಯಿಂಟ್ ಹಾಕಿದ್ರೆ ಬೀಳಲ್ಲ. ಹೊರೆ ಹಾಕಿ, ಟ್ರೇಸ್‌ಪಾಯಿಂಟ್ ಬದಲು ಪ್ರೊಸೆಸರ್ ತಡೆದು ಕೇಳೋ ಮೊದಲ ವಿಧಾನ ಓಡಿಸಿದ್ರೆ ಇಡೀ ರಾತ್ರಿ ಓಡಿದ್ರೂ ಬೀಳಲ್ಲ. ಹೊರೆಯೂ ಇದ್ದು, ಡಿಸ್ಕ್ ಬಾಗಿಲ ಟೋಲೂ ಇದ್ರೆ ಮಾತ್ರ ಬೀಳುತ್ತೆ. ಅಂದ್ರೆ ಪರ್ಫ್‌ನಿಂದ ಬೀಳ್ತಿದೆ ಅನ್ನೋ ಮಾತು ಅರ್ಧ ಸತ್ಯ. ಪರ್ಫ್ ಎಲ್ಲಿ ನಿಂತಿದೆ ಅನ್ನೋದ್ರ ಮೇಲೆ ಹೋಗ್ತಿದೆ. ಹಾಗಾದ್ರೆ ಆ ಜಾಗದಲ್ಲಿ ಏನಿದೆ?

ಇದು ಅರ್ಥ ಆಗೋಕೆ ಸ್ಟ್ಯಾಕ್ ಅಂದ್ರೇನು ಅಂತ ಗೊತ್ತಿರಬೇಕು. ತಾಲ್ಲೂಕು ಕಚೇರಿ ನೆನಪು ಮಾಡ್ಕೊಳ್ಳಿ. ಗಂಗಾ ಕಲ್ಯಾಣಕ್ಕೆ ಅರ್ಜಿ ಹಾಕೋಕೆ ಹೋಗ್ತೀರಿ. ಪಹಣಿ ಬೇಕು ಅಂತಾರೆ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿದೆ, ಪೌತಿ ಖಾತೆ ಆಗಬೇಕು. ಪೌತಿ ಖಾತೆಗೆ ವಂಶವೃಕ್ಷ ಬೇಕು. ವಂಶವೃಕ್ಷಕ್ಕೆ ಮರಣ ಪ್ರಮಾಣಪತ್ರ ಬೇಕು. ಒಂದೊಂದು ಕೆಲಸ ಅರ್ಧಕ್ಕೆ ನಿಂತಾಗಲೂ "ಇದು ಮುಗಿದ ಮೇಲೆ ಅಲ್ಲಿಗೆ ವಾಪಸ್ ಹೋಗಬೇಕು" ಅಂತ ಒಂದು ಚೀಟಿ ಬರೆದು ಮೇಜಿನ ಮೇಲೆ ಇಡ್ತೀರಿ. ಚೀಟಿ ಮೇಲೆ ಚೀಟಿ. ಆ ಚೀಟಿಗಳ ರಾಶಿಯೇ ಸ್ಟ್ಯಾಕ್. ಕ್ರ್ಯಾಶ್ ಆದಾಗ ಬರೋ ಕಾಲ್ ಟ್ರೇಸ್ ಅಂದ್ರೆ ಆ ರಾಶಿಯ ಪಟ್ಟಿ. "ಅಕ್ಕ, ಇದನ್ನ ಕೆಳಗಿಂದ ಮೇಲಕ್ಕೆ ಓದ್ಬೇಕಾ?" ಅಂತ ಹುಡುಗಿ ಕೇಳಿದ್ಲು. ಹೌದು. ತೀರಾ ಕೆಳಗಿರೋದು ಗಂಗಾ ಕಲ್ಯಾಣ, ಮೇಲಿರೋದು ಮರಣ ಪ್ರಮಾಣಪತ್ರ.

ಈಗ ಪ್ರಶ್ನೆ, ಮೇಜು ಎಷ್ಟು ದೊಡ್ಡದು? ನಮ್ಮ ಹಳೇ ಕರ್ನಲ್‌ನಲ್ಲಿ ಪ್ರತಿ ಕೆಲಸಕ್ಕೆ ಕೊಟ್ಟಿದ್ದ ಮೇಜು 8 ಕೆಬಿ, ಅಂದ್ರೆ 8,192 ಬೈಟ್. ಅಷ್ಟೇ. ಅದರ ಅಂಚಿನಲ್ಲಿ ಒಂದು ಗುರುತು ಸಂಖ್ಯೆ ಬರೆದಿಟ್ಟಿರ್ತಾರೆ. ಹೊಲದ ಬಾಂದುಕಲ್ಲು ಇದ್ದ ಹಾಗೆ. ಕಲ್ಲು ಜಾಗದಲ್ಲಿಲ್ಲ ಅಂದ್ರೆ ಒತ್ತುವರಿ ಆಗಿದೆ ಅಂತ ಲೆಕ್ಕ.

ಮಹಜರಿನ ಕಡತ ತೆಗೆದು ಮೊದಲಿಂದ ಓದಿದ್ವಿ. ಪರದೆಯಲ್ಲಿ ಉರುಳಿ ಹೋಗಿದ್ದ ಆ ಸಾಲು ಅಲ್ಲಿತ್ತು: "ಥ್ರೆಡ್ ಓವರ್‌ರ್ಯಾನ್ ಸ್ಟ್ಯಾಕ್, ಆರ್ ಸ್ಟ್ಯಾಕ್ ಕರಪ್ಟೆಡ್." ಬಾಂದುಕಲ್ಲು ಹೋಗಿದೆ ಅಂತ ಕರ್ನಲ್ ತಾನೇ ಹೇಳ್ತಿದೆ. ಆಮೇಲೆ ರಾಶಿ ಓದಿದ್ವಿ. ತೀರಾ ಕೆಳಗೆ ವೆಬ್ ಸರ್ವರ್ ಒಂದು ಫೈಲು ಬರೆಯೋಕೆ ಹೊರಟಿದೆ. ಅದಕ್ಕೆ ಫೈಲ್ ಸಿಸ್ಟಂ. ಫೈಲ್ ಸಿಸ್ಟಂಗೆ ನಡುವೆ ಸ್ವಲ್ಪ ಮೆಮೊರಿ ಬೇಕಾಯ್ತು. ಮೆಮೊರಿ ಖಾಲಿ ಇಲ್ಲ, ಹಾಗಾಗಿ ಯಾರದ್ದನ್ನಾದ್ರೂ ಡಿಸ್ಕಿಗೆ ಎತ್ತಿಹಾಕೋ ಸ್ವಾಪ್ ಕೆಲಸ ಅದರ ಮೇಲೆ. ಸ್ವಾಪ್‌ಗೆ ಎಲ್‌ವಿಎಂ, ಅದಕ್ಕೆ ರೇಡ್, ಅದಕ್ಕೆ ಡಿಸ್ಕ್ ಚಾಲಕ. ಎಲ್ಲಕ್ಕಿಂತ ಮೇಲೆ, ಕೊನೆಯ ಚೀಟಿ, ನಮ್ಮ ಪರ್ಫ್. ಟ್ರೇಸ್‌ಪಾಯಿಂಟಿಗೆ ಸ್ವಂತ ಮೇಜಿಲ್ಲ, ಹಾದುಹೋಗೋ ಕೆಲಸದ ಮೇಜಿನ ಮೇಲೇ ತನ್ನ ಚೀಟಿ ಬರೀಬೇಕು. ಮೊದಲ ವಿಧಾನಕ್ಕೆ ಬಳಸೋ ತಡೆಗೆ ಈ ಬಗೆಯ ಪ್ರೊಸೆಸರ್‌ನಲ್ಲಿ ಬೇರೆ ಮೇಜೇ ಇದೆ. ಅದಕ್ಕೇ ಅದು ಬೀಳಿಸಲಿಲ್ಲ.

ಇಲ್ಲೇ ನಿಲ್ಲಿಸಿದ್ರೆ ಫೋನಿನಲ್ಲಿದ್ದವರ ಮಾತೇ ಸರಿ ಅನ್ಸುತ್ತೆ. ಕೊನೆಯ ಚೀಟಿ ಪರ್ಫ್‌ದೇ ತಾನೇ? ಹಾಗಾಗಿ ಇನ್ನೊಂದು ಪರೀಕ್ಷೆ ಮಾಡಿದ್ವಿ. ಪರ್ಫ್ ಪೂರ್ತಿ ನಿಲ್ಲಿಸಿ, ಸ್ಟ್ಯಾಕ್ ಎಷ್ಟು ಆಳಕ್ಕೆ ಹೋಗುತ್ತೆ ಅಂತ ಮಾತ್ರ ನೋಡೋ ಸ್ಟ್ಯಾಕ್ ಟ್ರೇಸರ್ ಹಾಕಿ ಅದೇ ಹೊರೆ ಓಡಿಸಿದ್ವಿ. ಒಂದು ಗಂಟೆ ಆದ್ಮೇಲೆ ಹುಡುಗಿ ಸಂಖ್ಯೆ ಓದಿದ್ಲು. 8,192ರಲ್ಲಿ 7,400 ದಾಟಿತ್ತು. ಪರ್ಫ್ ಇಲ್ಲದೇನೇ!

ಅಂದ್ರೆ ಪ್ರತಿ ಭಾನುವಾರ ಮಕ್ಕಳು ಪರೀಕ್ಷೆ ಬರೆಯುವಾಗ ಈ ಯಂತ್ರ ಅಂಚಿನಲ್ಲೇ ನಿಂತಿತ್ತು. ಕೆಲವು ನೂರು ಬೈಟ್ ದೂರದಲ್ಲಿ. ಹುಡುಗಿ ತನ್ನೂರಿನ ದೊಡ್ಡಕೆರೆ ನೆನೆಸ್ಕೊಂಡು ಅಂದ್ಲು, "ಅಕ್ಕ, ಏರಿ ಒಡೆದ್ರೆ ನೀರಿನ ಮಟ್ಟ ನೋಡೋಕೆ ಕೋಲು ನೆಟ್ಟೋನ ಮೇಲೆ ಕೇಸ್ ಹಾಕ್ದಂಗಾಯ್ತು ಇದು." ಇಷ್ಟು ಉದ್ದ ಬರೆದು ನಾನು ಹೇಳೋಕೆ ಹೊರಟಿರೋದನ್ನ ಅವಳು ಒಂದೇ ಸಾಲಲ್ಲಿ ಹೇಳಿ ಮುಗಿಸಿದ್ಲು.

ನಮ್ಮೊಬ್ಬರದೇ ಪಾಡಲ್ಲ ಇದು. 2014ರಲ್ಲಿ ಕೊರಿಯಾದ ಮಿಂಚಾನ್ ಕಿಮ್ ಅನ್ನೋ ಕರ್ನಲ್ ಎಂಜಿನಿಯರ್‌ಗೂ ಮೆಮೊರಿ ಒತ್ತಡದಲ್ಲಿ ಇಂಥದ್ದೇ ಕ್ರ್ಯಾಶ್ ಆಗ್ತಿತ್ತು. ಅವರು ಮೊದಲು ಒಂದೊಂದು ಕೆಲಸದ ಚೀಟಿಯನ್ನೂ ಕತ್ತರಿಸಿ ಚಿಕ್ಕದು ಮಾಡೋಕೆ ನೋಡಿದ್ರು. ಇಲ್ಲಿ ನೂರು ಬೈಟ್ ಉಳಿಸಿದ್ರೆ ಇನ್ನೊಂದು ದಾರಿಯಲ್ಲಿ ಉಕ್ಕುತ್ತಿತ್ತು. ಕೊನೆಗೆ ಮೇಜನ್ನೇ ದೊಡ್ಡದು ಮಾಡಿ ಅಂತ ತಿದ್ದುಪಡಿ ಕಳಿಸಿದ್ರು. ಚರ್ಚೆ ಜೋರಾಗೇ ಆಯ್ತು, ಕಡೆಗೆ ಟೊರ್ವಾಲ್ಡ್ಸ್ ಒಪ್ಪಿದ್ರು. 2014ರ ಜೂನ್‌ನಲ್ಲಿ ಬಂದ 3.15 ಆವೃತ್ತಿಯಿಂದ 64 ಬಿಟ್ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಸ್ಟ್ಯಾಕ್ 16 ಕೆಬಿ ಆಯ್ತು. 2016ರ ಕೊನೆಗೆ ಬಂದ 4.9ರಲ್ಲಿ ಇನ್ನೊಂದು ಒಳ್ಳೇ ಕೆಲಸ ಆಯ್ತು. ಸ್ಟ್ಯಾಕಿನ ಪಕ್ಕ ಯಾರೂ ಕಾಲಿಡಬಾರದ ಒಂದು ಪುಟ ಬಿಡೋ ಸೌಲಭ್ಯ ಬಂತು. ಉಕ್ಕಿದ್ರೆ ಪಕ್ಕದವರ ಜಾಗವನ್ನ ಸದ್ದಿಲ್ಲದೆ ಹಾಳು ಮಾಡೋ ಮುಂಚೆಯೇ ಸಿಕ್ಕಿಬೀಳುತ್ತೆ.

ಹಾಗಾಗಿ ದಾರಿ ಸ್ಪಷ್ಟ ಇತ್ತು. ಹಳೇ ಡಿಸ್ಕುಗಳನ್ನ ಹಾಗೇ ಎತ್ತಿಟ್ಟು, ಬೇರೆ ಡಿಸ್ಕಿಗೆ ಈಗಲೂ ದುರಸ್ತಿ ಸಿಗ್ತಿರೋ ಹೊಸ ಕರ್ನಲ್ ಇರೋ ಆವೃತ್ತಿ ಹಾಕಿದ್ವಿ. ಪರೀಕ್ಷೆಯ ತಂತ್ರಾಂಶ ಅದರ ಮೇಲೆ ತಂದ್ವಿ. ಅದೇ ಹೊರೆ, ಅದೇ ಟೋಲ್. ಸ್ಟ್ಯಾಕ್ 8 ಕೆಬಿಯ ಗೆರೆ ದಾಟಿತು, ಯಂತ್ರ ಬೀಳಲಿಲ್ಲ. ಬೆಳಗಿನ ಜಾವದವರೆಗೂ ಓಡ್ತು.

ಆಗಲೇ ನಮಗೆ ಮೊದಲಿಂದ ಬೇಕಿದ್ದ ಉತ್ತರ ಸಿಕ್ಕಿದ್ದು. ದಾಖಲೆಯನ್ನ ಫ್ಲೇಮ್ ಗ್ರಾಫ್ ಮಾಡಿ ಗೋಡೆ ಮೇಲೆ ಹಾಕಿದೆ. 2011ರಲ್ಲಿ ಬ್ರೆಂಡನ್ ಗ್ರೆಗ್ ಅನ್ನೋರು ಒಂದು ಡೇಟಾಬೇಸ್ ಯಾಕೆ ನಿಧಾನ ಅಂತ ಹುಡುಕುವಾಗ ಮಾಡಿಕೊಂಡ ಚಿತ್ರ ಅದು. ಅಗಲ ಜಾಸ್ತಿ ಇದ್ದಷ್ಟೂ ಅಲ್ಲಿ ಖರ್ಚು ಜಾಸ್ತಿ ಅಂತ ಅರ್ಥ. ನಮ್ಮ ಚಿತ್ರದಲ್ಲಿ ಡಿಸ್ಕ್ ಬಾಗಿಲಿಗೆ ಬಂದದ್ದರಲ್ಲಿ ಬಹುಪಾಲು ಪ್ರಶ್ನೆಪತ್ರಿಕೆಯೂ ಅಲ್ಲ, ಉತ್ತರವೂ ಅಲ್ಲ. ಬರೀ ಸ್ವಾಪ್. ವೆಬ್ ಸರ್ವರ್ ಒಟ್ಟಿಗೆ 150 ಪ್ರೊಸೆಸ್ ಎಬ್ಬಿಸೋ ಹಾಗೆ ಹಿಂದೆ ಯಾವಾಗಲೋ ಇಟ್ಟಿತ್ತು. 4 ಜಿಬಿಯಲ್ಲಿ ಅಷ್ಟಕ್ಕೆಲ್ಲಿ ಜಾಗ? ಒಬ್ಬರನ್ನ ಎಬ್ಬಿಸಿ ಇನ್ನೊಬ್ಬರನ್ನ ಕೂರಿಸೋದ್ರಲ್ಲೇ ಕಾಲ ಹೋಗ್ತಿತ್ತು. 150ನ್ನ 30 ಮಾಡಿದ್ವಿ. ಒಂದು ಸಾಲಿನ ಬದಲಾವಣೆ. ಒಂದು ರೂಪಾಯಿ ಖರ್ಚಿಲ್ಲ. ಅದರ ಮುಂದಿನ ಭಾನುವಾರ ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಹೋಗೋಕೆ ಒಂದು ಸೆಕೆಂಡೂ ಬೇಕಾಗಲಿಲ್ಲ.

ಕೆಲವರು ಕೇಳಿದ್ರು, 30 ಮಾಡಿದ್ರೆ ಸಾಕಿತ್ತಲ್ಲ, ಕರ್ನಲ್ ಯಾಕೆ ಬದಲಾಯಿಸಿದ್ರಿ ಅಂತ. 30 ಮಾಡಬೇಕು ಅಂತ ಗೊತ್ತಾಗಿದ್ದೇ ಅಳೆದ ಮೇಲೆ. ಅಳೆಯೋಕೆ ಬಿಡದ ಯಂತ್ರದಲ್ಲಿ ರೋಗ ಪತ್ತೆ ಹಚ್ಚೋದು ಹೆಂಗೆ? ಮೊದಲು ಅಳೆಯೋ ಹಕ್ಕನ್ನ ಗಳಿಸ್ಕೋಬೇಕಿತ್ತು.

ಈ ಮಾತು ಕರ್ನಲ್‌ಗೆ ಮಾತ್ರ ಅಲ್ಲ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. 2025ರಲ್ಲಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆಗೆ ಮನೆಮನೆಗೆ ಬಂದಾಗ ಎಷ್ಟು ಜನ ಅಂದ್ರು, "ಜಾತಿ ಕೇಳ್ಕೊಂಡು ಹೋದ್ರೆ ತಾನೇ ಜಾತಿ ಉಳಿಯೋದು? ಎಣಿಸೋದು ಬಿಟ್ರೆ ತಾನಾಗೇ ಹೋಗುತ್ತೆ" ಅಂತ. 101 ಪರಿಶಿಷ್ಟ ಜಾತಿಗಳಲ್ಲಿ ಯಾರ ಕೈಗೆ ಏನು ಸಿಕ್ಕಿದೆ, ಯಾರಿಗೆ ಏನೂ ಸಿಕ್ಕಿಲ್ಲ ಅಂತ ನೋಡೋಕೆ ಹೊರಟರೆ ಸಮಾಜ ಒಡೀತೀರಿ ಅಂತಾರೆ. ಅಂಚಿನವರೆಗೂ ತುಂಬಿ ನಿಂತಿರೋದು ಕಾಣಲ್ಲ, ಕೋಲು ನೆಟ್ಟವರು ಮಾತ್ರ ಕಾಣ್ತಾರೆ. ಬಾಬಾಸಾಹೇಬರು ಶಿಕ್ಷಣ ಅಂದಿದ್ರಲ್ಲಿ ಇದೂ ಸೇರಿದೆ ಅಂತ ನಾನು ತಿಳ್ಕೊಂಡಿದೀನಿ. ಬಿದ್ದದ್ದು ಯಾಕೆ ಬಿತ್ತು ಅಂತ ದಾಖಲೆ ಇಟ್ಕೊಂಡು ಓದೋದು, ದೊಡ್ಡವರು ಹೇಳಿದ್ರು ಅಂತ ಒಪ್ಪದೆ ಇನ್ನೊಂದು ಪರೀಕ್ಷೆ ಮಾಡಿ ನೋಡೋದು.

ಆ ಹುಡುಗಿ ಈಗ ಕರ್ನಲ್‌ನ ಸ್ಟ್ಯಾಕ್ ಟ್ರೇಸರ್ ಕಡತ ಇಳಿಸ್ಕೊಂಡು ಓದ್ತಿದಾಳೆ. "ಇಲ್ಲಿ ಕಾಮೆಂಟೇ ಸರಿ ಬರೆದಿಲ್ಲ ಅಕ್ಕ, ತಿದ್ದಿ ಕಳಿಸ್ಲಾ?" ಅಂತ ಮೊನ್ನೆ ಮೆಸೇಜ್ ಹಾಕಿದ್ಲು. ಕಳಿಸು ಅಂದಿದೀನಿ. ಕರ್ನಲ್‌ಗೆ ತಿದ್ದುಪಡಿ ಕಳಿಸೋಕೆ ಪದವಿ ಕೇಳಲ್ಲ, ಕಂಪನಿ ಕೇಳಲ್ಲ. ತಿದ್ದುಪಡಿ ಸರಿ ಇರಬೇಕು, ಕೆಳಗೆ ನಿನ್ನ ಹೆಸರಲ್ಲಿ ಸಹಿ ಇರಬೇಕು, ಅಷ್ಟೇ.

ಹಳೇ ಸರ್ವರ್ ಇಟ್ಕೊಂಡು ಒದ್ದಾಡ್ತಿರೋ ಬೇರೆ ಕೇಂದ್ರದ ಗೆಳೆಯರು ಇದ್ರೆ ಇನ್‌ಬಾಕ್ಸಿಗೆ ಬನ್ನಿ. ಕೆಡಂಪ್ ಹಾಕೋದು ಹೆಂಗೆ, ಟ್ರೇಸ್ ಓದೋದು ಹೆಂಗೆ ಅಂತ ಕನ್ನಡದಲ್ಲಿ ನಾಲ್ಕು ಪುಟ ಬರೆದಿಟ್ಟಿದೀವಿ, ಕಳಿಸ್ತೀನಿ. ಒಂದೇ ಕೋರಿಕೆ: ಯಂತ್ರ ಬಿದ್ರೆ ಮೊದಲು ಮಹಜರು, ಆಮೇಲೆ ರೀಬೂಟ್.

ಜೈ ಭೀಮ್.